ಹಾಕಿಕೊಳ್ಳಿ ಎನ್ನುವ ಮುನ್ನ ಯಾಕೆಂದು ಕೇಳೋಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2025ರ ಫೆಬ್ರವರಿಯಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ 2004-05ನೇ ಸಾಲಿನ ವಿದ್ಯಾರ್ಥಿ, ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ನಾನು ಇಲ್ಲಿ ಓದಿದ್ದು ಮೂರೇ ವರ್ಷ, ಎಂಟರಿಂದ ಹತ್ತನೇ ತರಗತಿವರೆಗೆ. ಆದರೆ ಆ ಮೂರು ವರ್ಷ ಇಲ್ಲದಿದ್ದರೆ ನಾನು ಬಿ.ಇ. ಓದುತ್ತಿರಲಿಲ್ಲ, ಇವತ್ತು ಈ ಮೈಕಿನ ಮುಂದೆ ನಿಲ್ಲುತ್ತಲೂ ಇರಲಿಲ್ಲ.

ಮುಖ್ಯೋಪಾಧ್ಯಾಯರು ಫೋನ್ ಮಾಡಿ, “ಕಂಪ್ಯೂಟರ್ ಕ್ಷೇತ್ರದಲ್ಲಿ ಇರುವ ಅವಕಾಶಗಳ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ” ಎಂದರು. ಆ ವಿಷಯ ಹೇಳುವವರು ನನಗಿಂತ ಬುದ್ಧಿವಂತರು ಬೇಕಾದಷ್ಟು ಜನ ಇದ್ದಾರೆ. ನಾನು ಅವರ ಅನುಮತಿ ಪಡೆದು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ದುಡಿಯುವವರು ಹಾಕಿಕೊಳ್ಳಬೇಕಾದ ಹೆಲ್ಮೆಟ್ಟು, ಕನ್ನಡಕ, ಗ್ಲೌಸು, ಬೂಟು, ಬೆಲ್ಟು, ಮಾಸ್ಕು ಇವುಗಳ ವಿಷಯ. ಇಂಥ ದಿನ ಇದೆಂಥ ವಿಷಯ ಎಂದು ನಿಮಗೆ ಅನಿಸಬಹುದು. ಆದರೆ ಈ ಅಂಗಳದಲ್ಲಿ ಕುಳಿತಿರುವ ಮಕ್ಕಳ ತಂದೆ ತಾಯಿಯರಲ್ಲಿ ಗಾರೆ ಕೆಲಸದವರಿದ್ದಾರೆ, ಪೇಂಟರ್‌ಗಳಿದ್ದಾರೆ, ಪೌರಕಾರ್ಮಿಕರಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ, ಡೆಲಿವರಿ ಗಾಡಿ ಓಡಿಸುವವರಿದ್ದಾರೆ. ನಾನೂ ಅಂಥದೇ ಮನೆಯಿಂದ ಬಂದವನು. ಆದ್ದರಿಂದ ನನ್ನ ಮನೆಯಿಂದಲೇ ಶುರು ಮಾಡುತ್ತೇನೆ.

ನನ್ನ ಅಪ್ಪ ಸಾರಕ್ಕಿ ಕಡೆ ಒಂದು ಸಣ್ಣ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆಗ ಜೆ.ಪಿ. ನಗರ, ಪುಟ್ಟೇನಹಳ್ಳಿ ಕಡೆಯೆಲ್ಲ ಮನೆಗಳು ಏಳುತ್ತಿದ್ದ ಕಾಲ. ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲಿನ ಕಂಬಿ, ಕೈತುಂಬ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿಗೆ ಹೋಗುತ್ತಿದ್ದೆ. ಅಪ್ಪ ಬೆಸುಗೆ ಹಾಕುವಾಗ ಕಬ್ಬಿಣದ ತುಂಡನ್ನು ಅಲ್ಲಾಡದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ. ಅಂಗಡಿಯಲ್ಲಿ ಕೈಯಲ್ಲಿ ಹಿಡಿಯುವ ಕಪ್ಪು ಗಾಜಿನ ಮರೆ ಒಂದೇ ಇತ್ತು. ಅಪ್ಪ ಅದನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದರು. ತಾವು ಕಣ್ಣು ಕಿರಿದು ಮಾಡಿ, ಮುಖ ಒಂದು ಕಡೆ ತಿರುಗಿಸಿ ಬೆಸುಗೆ ಹಾಕುತ್ತಿದ್ದರು.

ಹಾಗೆ ಮಾಡಿದ ದಿನ ರಾತ್ರಿ ಹನ್ನೊಂದು ಹನ್ನೆರಡಕ್ಕೆ ಅಪ್ಪ ಎದ್ದು ಕೂರುತ್ತಿದ್ದರು. ಕಣ್ಣಿನಲ್ಲಿ ಮರಳು ತುಂಬಿದ ಹಾಗೆ ಉರಿ, ನೀರು ಸುರಿಯುವುದು. ಅಮ್ಮ ಆಲೂಗೆಡ್ಡೆ ಹೋಳು ಮಾಡಿ ಕಣ್ಣಿನ ಮೇಲೆ ಇಡುತ್ತಿದ್ದರು. ವೆಲ್ಡಿಂಗ್ ಕೆಲಸದವರ ಮನೆಯ ಮಕ್ಕಳು ಇಲ್ಲಿದ್ದರೆ ಅವರಿಗೆ ಇದು ಹೊಸದಲ್ಲ. ವೆಲ್ಡಿಂಗ್ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದೆ. ಅದು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಬಿಸಿಲಿಗೆ ಚರ್ಮ ಸುಟ್ಟ ಹಾಗೇ ಇದೂ. ಆದರೆ ಸುಟ್ಟ ತಕ್ಷಣ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಆದ ಮೇಲೆ ನೋವು ಶುರುವಾಗುತ್ತದೆ. ಅದಕ್ಕೇ ಹಗಲು ಮಾಡಿದ ತಪ್ಪು ರಾತ್ರಿ ಎಬ್ಬಿಸುತ್ತದೆ. ಆಲೂಗೆಡ್ಡೆಯ ತಂಪಿಗೆ ಸ್ವಲ್ಪ ಹಾಯೆನಿಸುತ್ತದೆ ಅಷ್ಟೆ, ಅದು ಔಷಧಿಯಲ್ಲ. ಕಣ್ಣಿಗೆ ಮಣ್ಣು, ಸೋಂಕು ಸೇರುವ ಅಪಾಯವೂ ಇದೆ.

ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಭಿತ್ತಿಪತ್ರ ಸ್ಪರ್ಧೆ ನಡೆಯಿತು. ನಾನು ಹಳದಿ ಹೆಲ್ಮೆಟ್ಟಿನ ಕೆಲಸಗಾರನೊಬ್ಬನ ಚಿತ್ರ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ “ಸುರಕ್ಷತೆಯೇ ಮೊದಲು” ಎಂದು ಬರೆದೆ. ಬಹುಮಾನ ಬಂತು. ಒಂದು ಸ್ಟೀಲ್ ಲೋಟ ಕೊಟ್ಟರು. ಆ ಲೋಟ ಹಿಡಿದುಕೊಂಡು ನೇರವಾಗಿ ಅಂಗಡಿಗೆ ಹೋದೆ. ಅಪ್ಪ ಗ್ರೈಂಡರ್‌ನಲ್ಲಿ ಕಂಬಿ ಕತ್ತರಿಸುತ್ತಿದ್ದರು. ಅವರ ಕನ್ನಡಕ ಮೊಳೆಗೆ ನೇತುಹಾಕಿತ್ತು. ಬಹುಮಾನ ಗೆದ್ದ ಧೈರ್ಯದಲ್ಲಿ, “ಅಪ್ಪ, ಕನ್ನಡಕ ಯಾಕೆ ಹಾಕ್ಕೊಳ್ಳಲ್ಲ? ಎಷ್ಟು ಸಲ ಹೇಳ್ಬೇಕು?” ಎಂದು ಎಲ್ಲರ ಎದುರು ದಬಾಯಿಸಿದೆ. ಅಪ್ಪ ಸಿಟ್ಟಾಗಲಿಲ್ಲ. “ಅದು ಹಾಕ್ಕೊಂಡ್ರೆ ಗೆರೆ ಕಾಣಲ್ಲ ಕಣೋ” ಎಂದರು. ಕತ್ತರಿಸಬೇಕಾದ ಕಡೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಅದು. ನಾನು ಅದನ್ನು ನೆಪ ಅಂದುಕೊಂಡೆ. ಓದದವರು, ಹೇಳಿದರೆ ಅರ್ಥವಾಗಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡು ಮನೆಗೆ ಬಂದೆ.

ಮುಂದಿನ ವರ್ಷ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿದ್ದಾಗ ಗ್ರೈಂಡರ್‌ನಿಂದ ಸಿಡಿದ ಕಬ್ಬಿಣದ ಚೂರೊಂದು ಅಪ್ಪನ ಎಡಗಣ್ಣಿಗೆ ಹೊಕ್ಕಿತು. ಸಾಸಿವೆಗಿಂತ ಚಿಕ್ಕದು. ಪಕ್ಕದಲ್ಲಿದ್ದವರು ಕರವಸ್ತ್ರದ ತುದಿ ಸುರುಳಿ ಸುತ್ತಿ ಅದನ್ನು ತೆಗೆದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅಪ್ಪ ಅವತ್ತು ಪೂರ್ತಿ ಕೆಲಸ ಮಾಡಿ ಮನೆಗೆ ಬಂದರು. ನಾಲ್ಕನೇ ದಿನ ಕಣ್ಣು ಕೆಂಪಾಗಿ ಊದಿಕೊಂಡು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು. ಸೋಂಕು ತಗುಲಿ ಹುಣ್ಣಾಗಿತ್ತು. ಡಾಕ್ಟರು ಕಣ್ಣನ್ನು ಉಳಿಸಿದರು, ದೃಷ್ಟಿ ಉಳಿಯಲಿಲ್ಲ. ನಮ್ಮ ಕಡೆ ಹೇಳುತ್ತಾರಲ್ಲ, ಕಣ್ಣಲ್ಲಿ ಹೂವು ಬಿತ್ತು. ಒಂದೇ ಕಣ್ಣಿನಲ್ಲಿ ನೋಡುವವನಿಗೆ ವಸ್ತು ಎಷ್ಟು ದೂರ ಇದೆ ಎಂಬ ಅಂದಾಜು ಮೊದಲಿನಂತೆ ಸಿಗುವುದಿಲ್ಲ. ಅಪ್ಪ ವೆಲ್ಡಿಂಗ್ ಬಿಟ್ಟು ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆಗಿ ಸೇರಿದರು. ಅಮ್ಮ ಹೊಲಿಗೆ ಮೆಷಿನ್ ತುಳಿದು ನನ್ನನ್ನು ಪಿಯುಸಿ, ಬಿ.ಇ. ಓದಿಸಿದರು.

ಅಂಗಡಿಯವರು ಅಪ್ಪನ ಸಾಮಾನು ಒಂದು ಚೀಲದಲ್ಲಿ ಹಾಕಿ ಕಳಿಸಿದ್ದರು. ಅದರಲ್ಲಿ ಆ ಕನ್ನಡಕವೂ ಇತ್ತು. ಚೀಲ ಅಟ್ಟದ ಮೇಲೆ ಹೋಯಿತು. ನಾನು ಅದನ್ನು ಬಿಚ್ಚಿ ನೋಡಲಿಲ್ಲ.

ಈಗ ಹದಿನೈದು ವರ್ಷ ಮುಂದೆ ಬರುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಕಂಪನಿಗೆ ಒಂದು ಪ್ರಾಜೆಕ್ಟ್ ಬಂತು. ಕಟ್ಟಡ ಕಟ್ಟುವ ಜಾಗದಲ್ಲಿ ಕ್ಯಾಮೆರಾ ಇಟ್ಟು, ಯಾರು ಹೆಲ್ಮೆಟ್ ಹಾಕಿದ್ದಾರೆ, ಯಾರು ಹಾಕಿಲ್ಲ ಎಂದು ಕಂಪ್ಯೂಟರೇ ಗುರುತಿಸಬೇಕು. ಹಾಕಿದವರ ತಲೆ ಸುತ್ತ ಹಸಿರು ಚೌಕ, ಹಾಕದವರ ಸುತ್ತ ಕೆಂಪು ಚೌಕ. ಸಂಜೆ ಹೊತ್ತಿಗೆ ಪಟ್ಟಿ ಮ್ಯಾನೇಜರ್ ಕೈಗೆ ಹೋಗುತ್ತದೆ, ಕೆಂಪು ಚೌಕದವರಿಗೆ ದಂಡ ಬೀಳುತ್ತದೆ. ಅಪ್ಪನ ಕಣ್ಣು ನೆನಪಿತ್ತಲ್ಲ, ಮನಸ್ಸಿಟ್ಟು ಕೆಲಸ ಮಾಡಿದೆ. ಮೊದಲ ತಿಂಗಳಲ್ಲೇ ಕೆಂಪು ಚೌಕಗಳು ಕಡಿಮೆಯಾದವು. ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು.

ಒಂದು ದಿನ ಕ್ಯಾಮೆರಾ ಕೆಟ್ಟಿದೆ ಎಂದು ಕನಕಪುರ ರಸ್ತೆಯ ಕಡೆಯ ಒಂದು ಸೈಟಿಗೆ ನಾನೇ ಹೋಗಬೇಕಾಯಿತು. ಅಲ್ಲಿ ನೋಡಿದರೆ, ಕ್ಯಾಮೆರಾ ಇರುವ ಗೇಟಿನ ಹತ್ತಿರ ಎಲ್ಲರ ತಲೆಯ ಮೇಲೂ ಹೆಲ್ಮೆಟ್. ತಿರುವು ದಾಟಿದ ಮೇಲೆ ಹೆಲ್ಮೆಟ್ಟುಗಳು ಇಟ್ಟಿಗೆ ರಾಶಿಯ ಮೇಲೆ ಸಾಲಾಗಿ ಕುಳಿತಿದ್ದವು. ನನ್ನ ಸಾಫ್ಟ್‌ವೇರ್ ಒಬ್ಬರ ತಲೆಯನ್ನೂ ಉಳಿಸಿರಲಿಲ್ಲ. ಗೇಟಿನ ಹತ್ತಿರ ಹಾಕಿಕೊಳ್ಳುವುದನ್ನು ಮಾತ್ರ ಕಲಿಸಿತ್ತು.

ಅವರನ್ನು ಬೈಯುವ ಹಾಗೂ ಇಲ್ಲ. 2016ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಬೈಕಿನ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅವತ್ತಿನಿಂದ ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತು ನೋಡಿ. ಪೊಲೀಸರು ಕಂಡರೆ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ ತಲೆಗೆ ಏರುತ್ತದೆ, ಸಿಗ್ನಲ್ ದಾಟಿದರೆ ಕೈಗೆ ಇಳಿಯುತ್ತದೆ. ಹಾಗೆ ಮಾಡುವವರಲ್ಲಿ ನನ್ನಂಥ ಬಿ.ಇ. ಓದಿದವರೂ ಇದ್ದಾರೆ. ದಂಡಕ್ಕೆ ಹೆದರಿ ಹಾಕಿಕೊಂಡದ್ದು ದಂಡ ಹಾಕುವವರು ಇರುವಷ್ಟು ಹೊತ್ತು ಮಾತ್ರ ತಲೆಯ ಮೇಲೆ ಇರುತ್ತದೆ.

ಆ ಸೈಟಿನಲ್ಲಿ ಕಂಬಿ ಕತ್ತರಿಸುವ ಮೆಷಿನ್ ಮುಂದೆ ಯಾದಗಿರಿ ಕಡೆಯ ಒಬ್ಬ ಹುಡುಗ ಕುಳಿತಿದ್ದ. ಇಪ್ಪತ್ತು ಇಪ್ಪತ್ತೊಂದು ವಯಸ್ಸು. ಕನ್ನಡಕ ಹಣೆಯ ಮೇಲೆ ಇತ್ತು. ನಾನು ಹಳೆಯ ದನಿಯಲ್ಲೇ, “ಏನಪ್ಪಾ, ಕಣ್ಣಿಗೆ ಹಾಕ್ಕೊಳ್ಳೋದು ಬಿಟ್ಟು ಹಣೆಗೆ ಹಾಕ್ಕೊಂಡಿದ್ದೀಯಲ್ಲ?” ಎಂದೆ. ಅವನು ಕೆಲಸ ನಿಲ್ಲಿಸಿ ನೋಡಿ, “ಹಾಕ್ಕೊಂಡ್ರ ಗೆರಿ ಕಾಣಂಗಿಲ್ರೀ ಸರ” ಎಂದ.

ಹದಿನಾರು ವರ್ಷದ ಹಿಂದೆ ಕೇಳಿದ ಮಾತು, ಬೇರೆ ಊರಿನ ಕನ್ನಡದಲ್ಲಿ. ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಆಮೇಲೆ, “ಸ್ವಲ್ಪ ಕೊಡಪ್ಪ” ಎಂದು ಅವನ ಕನ್ನಡಕ ತೆಗೆದುಕೊಂಡು ನಾನೇ ಹಾಕಿಕೊಂಡು ನೋಡಿದೆ. ಕಿಡಿ ಬಡಿದು ಬಡಿದು ಪ್ಲಾಸ್ಟಿಕ್ ಮಬ್ಬಾಗಿತ್ತು. ಒಳಗೆ ನನ್ನ ಉಸಿರಿನ ಹಬೆ ಕಟ್ಟಿತು. ಗೆರೆ ಇರಲಿ, ಕಂಬಿಯೇ ಸರಿಯಾಗಿ ಕಾಣಲಿಲ್ಲ. ಕಾಣದೆ ಕತ್ತರಿಸಿದರೆ ಬೆರಳು ಹೋಗುತ್ತದೆ. ಅವನು ದಡ್ಡನಾಗಿರಲಿಲ್ಲ. ಕಣ್ಣು, ಬೆರಳು ಎರಡರಲ್ಲಿ ಬೆರಳನ್ನು ಉಳಿಸಿಕೊಳ್ಳುತ್ತಿದ್ದ.

ಅವತ್ತು ರಾತ್ರಿ ಮನೆಗೆ ಬಂದು ಅಟ್ಟದ ಮೇಲಿನ ಚೀಲ ಇಳಿಸಿದೆ. ಅಪ್ಪನ ಕನ್ನಡಕವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅದೂ ಹಾಗೇ ಇತ್ತು. ನೂರು ರೂಪಾಯಿಯೂ ಆಗದ ಒಂದು ಹೊಸ ಕನ್ನಡಕ ಸಾಕಾಗಿತ್ತು. ಅಪ್ಪ ಕಾರಣ ಹೇಳಿದ್ದರು. ಅದನ್ನು ಕೇಳಿಸಿಕೊಳ್ಳುವವನು ಇರಲಿಲ್ಲ, ಅಷ್ಟೆ. ಸುರಕ್ಷತೆಯೇ ಮೊದಲು ಎಂದು ಬರೆದು ಲೋಟ ಗೆದ್ದವನೂ ಕೇಳಿಸಿಕೊಳ್ಳಲಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇದೊಂದೇ ಮಾತು. ದುಡಿಯುವವನು ರಕ್ಷಣೆಯ ಸಾಧನ ಹಾಕಿಕೊಳ್ಳುತ್ತಿಲ್ಲ ಎಂದರೆ ಅದಕ್ಕೊಂದು ಕಾರಣ ಇರುತ್ತದೆ. ಮೊದಲು ಆ ಕಾರಣ ಕೇಳಬೇಕು. ಆಮೇಲೆ ಆ ಕಾರಣವನ್ನು ರಿಪೇರಿ ಮಾಡಬೇಕು. ಅದು ಬಿಟ್ಟು ಮನುಷ್ಯನನ್ನು ರಿಪೇರಿ ಮಾಡಲು ಹೋಗಬಾರದು.

ಮಾರನೆಯ ವಾರದಿಂದ ನಾನು ಮತ್ತು ನನ್ನ ಜೊತೆಯವರು ಇಬ್ಬರು ಸೈಟುಗಳಿಗೆ ಹೋದಾಗಲೆಲ್ಲ ನೋಟ್‌ಬುಕ್ ಹಿಡಿದು ಕೇಳತೊಡಗಿದೆವು. ಸಿಕ್ಕ ಉತ್ತರಗಳಲ್ಲಿ ಕೆಲವನ್ನು ಹೇಳುತ್ತೇನೆ. ಗಾರೆ ಹೊರುವ ಒಬ್ಬ ಅಕ್ಕ, “ತಲೆ ಮೇಲೆ ಸಿಂಬೆ ಇಟ್ಟು ಬಾಂಡ್ಲಿ ಹೊರ್ಬೇಕು, ಹೆಲ್ಮೆಟ್ ಎಲ್ಲಿ ಹಾಕ್ಕೊಳ್ಳಲಣ್ಣ?” ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಂಬಿ ಕಟ್ಟುವವರು, “ದಪ್ಪ ಗ್ಲೌಸ್ ಹಾಕಿದ್ರೆ ಬೈಂಡಿಂಗ್ ವೈರ್ ಕೈಗೆ ಸಿಗಲ್ಲ” ಎಂದರು. ಹೆಂಗಸರು, “ಬೂಟು ತರ್ಸಿದ್ದಾರೆ, ಎಲ್ಲಾ ಗಂಡಸರ ಅಳತೆ” ಎಂದರು. ಎತ್ತರದಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನು ತನ್ನ ಬೆಲ್ಟಿನ ಕೊಕ್ಕೆ ತೋರಿಸಿ, “ಇದನ್ನ ಯಾತಕ್ಕೆ ಸಿಗಿಸ್ಲಿ ಸಾರ್, ಗಾಳಿಗಾ?” ಎಂದ. ಬೆಲ್ಟು ಕೊಟ್ಟಿದ್ದರು, ಕೊಕ್ಕೆ ಹಾಕಲು ಗಟ್ಟಿಯಾದ ಹಗ್ಗವನ್ನೋ ಕಂಬಿಯನ್ನೋ ಕಟ್ಟಿರಲಿಲ್ಲ. ಗುತ್ತಿಗೆ ಲೆಕ್ಕದಲ್ಲಿ ದುಡಿಯುವವರು, “ಪ್ರತಿ ಸಲ ಬಿಚ್ಚಿ ಹಾಕ್ತಾ ಕೂತ್ರೆ ಸಂಜೆಗೆ ಕೂಲಿ ಗಿಟ್ಟಲ್ಲ” ಎಂದರು. ಇನ್ನೊಬ್ಬರು ನಗುತ್ತಾ ಮೇಸ್ತ್ರಿಯ ಕಡೆ ಕಣ್ಣು ಮಾಡಿದರು. ಮೇಸ್ತ್ರಿಯ ತಲೆ ಬೋಳಾಗಿ ಬಿಸಿಲಿಗೆ ಹೊಳೆಯುತ್ತಿತ್ತು.

ಇವುಗಳಲ್ಲಿ ಒಂದಾದರೂ ಅಜ್ಞಾನವೇ? ಒಂದೂ ಅಲ್ಲ. ಎಲ್ಲವೂ ಕೆಲಸ ಗೊತ್ತಿದ್ದವರು ಹೇಳಿದ ಮಾತು.

ಹಾಗಾದರೆ ಹಾಕಿಕೊಳ್ಳುವಂತೆ ಮಾಡುವುದು ಹೇಗೆ? ಇಲ್ಲಿ ಕೂತಿರುವವರಲ್ಲಿ ಹಲವರು ನಾಳೆ ಇಂಜಿನಿಯರ್, ಸೂಪರ್‌ವೈಸರ್, ಕಂಟ್ರಾಕ್ಟರ್ ಆಗುತ್ತೀರಿ. ಈಗಾಗಲೇ ಮೇಸ್ತ್ರಿ ಆಗಿರುವ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ನಾನು ಕಂಡು ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ತರಿಸುವ ಮೊದಲು ಕೆಲಸದವರ ಕೈಗೆ ಕೊಟ್ಟು ನೋಡಿ. ಎರಡು ಮೂರು ಬಗೆಯ ಕನ್ನಡಕ, ಗ್ಲೌಸು ತಂದು ಎರಡು ದಿನ ಬಳಸಲು ಕೊಟ್ಟು, ಯಾವುದು ಆಗುತ್ತದೆ ಎಂದು ಕೇಳಿ. ಅವರೇ ಆರಿಸಿದ್ದನ್ನು ಅವರು ಸುಮ್ಮನೆ ಬಿಸಾಡುವುದಿಲ್ಲ. ಯಾದಗಿರಿಯ ಆ ಹುಡುಗ ಪಕ್ಕದಲ್ಲಿ ಗಾಳಿ ತೂತು ಇರುವ ಕನ್ನಡಕ ಆರಿಸಿಕೊಂಡ. ಗೀರು ಬಿದ್ದ ದಿನ ಪ್ರಶ್ನೆ ಕೇಳದೆ ಬದಲಿಸಿಕೊಡುತ್ತೇವೆ ಎಂದು ಸ್ಟೋರಿನವರು ಒಪ್ಪಿದರು. ಮುಂದಿನ ಸಲ ಹೋದಾಗ ಅವನ ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿದಿತ್ತು. ಅಲ್ಲಿ ಕ್ಯಾಮೆರಾ ಇರಲಿಲ್ಲ.

ಎರಡನೆಯದು, ಮೇಲಿನವರು ಮೊದಲು ಹಾಕಿಕೊಳ್ಳಬೇಕು. ಇಂಜಿನಿಯರ್ ಐದು ನಿಮಿಷಕ್ಕೆ ಬಂದು ಹೋದರೂ ಸರಿ, ಮೇಸ್ತ್ರಿ ಚಹಾ ಕುಡಿಯಲು ನಿಂತರೂ ಸರಿ. ಹೊಸದಾಗಿ ಸೇರಿದ ಹುಡುಗ ಗೋಡೆಯ ಮೇಲಿನ ಬೋರ್ಡ್ ಓದುವುದಿಲ್ಲ, ಮೇಸ್ತ್ರಿಯ ತಲೆ ನೋಡುತ್ತಾನೆ.

ಮೂರನೆಯದು, ಹಾಕಿಕೊಳ್ಳುವ ಹೊತ್ತಿಗೂ ಕೂಲಿ ಇರಬೇಕು, ಸಾಧನದ ದುಡ್ಡನ್ನು ಕೂಲಿಯಲ್ಲಿ ಹಿಡಿಯಬಾರದು. ಅದು ಕೆಲಸ ಕೊಡುವವರ ಜವಾಬ್ದಾರಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕಣ್ಣಿನ ರಕ್ಷಣೆಗೆಂದೇ ಒಂದು ಕಲಮು ಇತ್ತು. ಕಟ್ಟಡ ಕೆಲಸದವರಿಗೆ 1996ರಲ್ಲಿ ಕಾಯ್ದೆ ಬಂತು. ಕಟ್ಟಡದ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ ಕಟ್ಟಿಸಿಕೊಂಡು ಕಾರ್ಮಿಕರ ಕಲ್ಯಾಣಕ್ಕೆ ಬಳಸಲು ನಮ್ಮ ರಾಜ್ಯದಲ್ಲಿ ಮಂಡಳಿಯೂ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅಲ್ಲಿ ಹೆಸರು ನೋಂದಾಯಿಸಬಹುದು. ಕಚೇರಿ ದೂರವೇನಿಲ್ಲ, ಇಲ್ಲೇ ಬನ್ನೇರುಘಟ್ಟ ರಸ್ತೆಯಲ್ಲಿ ಡೈರಿ ಸರ್ಕಲ್ ಬಳಿ. ಪೋಷಕರಲ್ಲಿ ನೋಂದಾಯಿಸದವರು ಇದ್ದರೆ ದಯವಿಟ್ಟು ಮಾಡಿಸಿ. ಅರ್ಜಿ ತುಂಬಲು ನಿಮ್ಮ ಮಕ್ಕಳಿಗೆ ಬರುತ್ತದೆ.

ನಾಲ್ಕನೆಯದು, ಕೊಟ್ಟ ಮೇಲೆ ಹೇಗೆ ಬಳಸುವುದು ಎಂದು ತೋರಿಸಬೇಕು. ಕೆಲಸದ ಹೆಲ್ಮೆಟ್ಟಿನ ಒಳಗೆ ಪಟ್ಟಿಗಳ ಒಂದು ಜಾಲರಿ ಇರುತ್ತದೆ. ಆ ಜಾಲರಿಗೂ ಮೇಲಿನ ಚಿಪ್ಪಿಗೂ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ. ಇಟ್ಟಿಗೆ ಬಿದ್ದಾಗ ಪೆಟ್ಟು ತಲೆಗೆ ನೇರ ತಲುಪದಂತೆ ತಡೆಯುವುದು ಆ ಖಾಲಿ ಜಾಗವೇ. ನಮ್ಮವರು ಬೀಡಿ ಕಟ್ಟು, ಮೊಬೈಲು, ಮಡಿಸಿದ ಟವೆಲ್ಲು ಎಲ್ಲವನ್ನೂ ಅಲ್ಲೇ ತುರುಕುತ್ತಾರೆ. ಅದು ತಪ್ಪು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಒಮ್ಮೆ ಜೋರಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಮತ್ತೆ ಬಳಸಬಾರದು. ಕೊಳ್ಳುವಾಗ ಕಟ್ಟಡ ಕೆಲಸದ ಹೆಲ್ಮೆಟ್ಟಿಗೆ ಐಎಸ್ 2925, ಬೈಕಿನ ಹೆಲ್ಮೆಟ್ಟಿಗೆ ಐಎಸ್ 4151 ಎಂಬ ಸಂಖ್ಯೆ ಇರುವ ಐಎಸ್‌ಐ ಗುರುತು ನೋಡಿ. ಒಂದರ ಬದಲು ಇನ್ನೊಂದು ಆಗುವುದಿಲ್ಲ.

ಐದನೆಯದು, ಕಣ್ಣಿಗೆ ಕಾಣದ ಅಪಾಯವನ್ನು ಬಿಡಿಸಿ ಹೇಳಬೇಕು. ಮೇಲಿನಿಂದ ಇಟ್ಟಿಗೆ ಬೀಳುತ್ತದೆ ಎಂದರೆ ಎಲ್ಲರಿಗೂ ಭಯ. ಗ್ರಾನೈಟ್ ಕತ್ತರಿಸುವಾಗ ಏಳುವ ಧೂಳಿಗೆ ಯಾರಿಗೂ ಭಯವಿಲ್ಲ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕುಳಿತರೆ ಹೊರಗೆ ಬರುವುದಿಲ್ಲ. ಕೆಮ್ಮು, ಉಬ್ಬಸ ಎಷ್ಟೋ ವರ್ಷದ ಮೇಲೆ ಬರುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಕೇಳಿದರೆ ಸಿಲಿಕೋಸಿಸ್ ಎಂಬ ಹೆಸರು ಗೊತ್ತಿರುತ್ತದೆ. ಮುಖಕ್ಕೆ ಸುತ್ತಿದ ಟವೆಲ್ಲು ಆ ಸಣ್ಣ ಧೂಳನ್ನು ತಡೆಯುವುದಿಲ್ಲ. ಕತ್ತರಿಸುವ ಕಡೆ ನೀರು ಬಿಟ್ಟರೆ ಧೂಳು ಏಳುವುದೇ ಕಡಿಮೆಯಾಗುತ್ತದೆ. ಅದರ ಮೇಲೆ ಒಳ್ಳೆಯ ಮಾಸ್ಕು.

ಈ ನೀರಿನ ವಿಷಯದಲ್ಲಿ ಒಂದು ದೊಡ್ಡ ಪಾಠವಿದೆ. ಸುರಕ್ಷತೆಯ ವಿಷಯ ಓದಿದವರು ಒಂದು ಕ್ರಮ ಹೇಳುತ್ತಾರೆ. ಅಪಾಯವನ್ನೇ ಇಲ್ಲವಾಗಿಸಲು ಆಗುತ್ತದೆಯೇ ನೋಡು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನೋ ವಿಧಾನವನ್ನೋ ಬಳಸು. ಆಮೇಲೆ ಬೇಲಿ, ಬಲೆ, ಮುಚ್ಚಳ, ನೀರು ಇಂಥವುಗಳಿಂದ ತಡೆ. ಆಮೇಲೆ ಕೆಲಸದ ಪದ್ಧತಿ ಸರಿಪಡಿಸು. ಇಷ್ಟೆಲ್ಲ ಆದ ಮೇಲೆ ಕೊನೆಯದಾಗಿ ಮೈಮೇಲೆ ಹಾಕಿಕೊಳ್ಳುವ ಸಾಧನ. ನಾವು ಮಾತ್ರ ಮೊದಲ ನಾಲ್ಕನ್ನು ಬಿಟ್ಟು, ಐದನೆಯದನ್ನು ಕೂಲಿಯವನ ಕೈಗೆ ಕೊಟ್ಟು, ಅವನು ಹಾಕಿಕೊಳ್ಳದಿದ್ದರೆ ಅವನದೇ ತಪ್ಪು ಎನ್ನುತ್ತೇವೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆಯನ್ನು 1933ರಿಂದ 1937ರವರೆಗೆ ಕಟ್ಟಿದರು. ಅಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದ್ದರು. ಅಷ್ಟಕ್ಕೇ ನಿಲ್ಲಿಸದೆ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿದರು. ಮೇಲಿನಿಂದ ಬಿದ್ದ 19 ಜನ ಆ ಬಲೆಯಿಂದ ಬದುಕಿದರು. ಕೆಲಸ ಮುಗಿಯುವ ಹೊತ್ತಿಗೆ ಒಂದು ಭಾರದ ಅಟ್ಟಣಿಗೆ ಕಳಚಿ ಬಲೆಯನ್ನೇ ಹರಿದುಕೊಂಡು ಹೋಗಿ 10 ಜನ ಸತ್ತರು ಎಂಬುದೂ ನಿಜ. ಯಾವ ತಡೆಯೂ ಪೂರ್ತಿಯಲ್ಲ, ಅದಕ್ಕೇ ಒಂದರ ಹಿಂದೆ ಇನ್ನೊಂದು ಬೇಕು. ಆದರೆ ಬಲೆಯ ಗುಣ ನೋಡಿ. ಬಿದ್ದವನು ಅವತ್ತು ಏನನ್ನಾದರೂ ಮರೆತಿದ್ದರೂ, ಸುಸ್ತಾಗಿದ್ದರೂ, ಅದು ಅವನನ್ನು ಹಿಡಿಯಿತು.

ಬಾಂಡ್ಲಿ ಹೊರುವ ಅಕ್ಕನಿಗೂ ಇದೇ ಉತ್ತರ. ಗಾರೆ ಸಾಗಿಸಲು ತಳ್ಳುಗಾಡಿ, ಮೇಲೆತ್ತಲು ಲಿಫ್ಟು ಕೊಟ್ಟರೆ ಸಿಂಬೆಯ ಜಾಗದಲ್ಲಿ ಹೆಲ್ಮೆಟ್ ತಾನಾಗಿ ಬರುತ್ತದೆ. ಕೆಲವು ಕೆಲಸಗಳಲ್ಲಂತೂ ಯಾವ ಸಾಧನ ಕೊಟ್ಟರೂ ಮನುಷ್ಯನನ್ನು ಕಳಿಸಲೇಬಾರದು. ಮ್ಯಾನ್‌ಹೋಲಿಗೆ, ಮಲದ ಗುಂಡಿಗೆ ಇಳಿಯುವುದು ಅಂಥದ್ದು. 2013ರ ಕಾಯ್ದೆ ಬಂದು ಇಷ್ಟು ವರ್ಷವಾಯಿತು. ನಿಮ್ಮ ಬೀದಿಯಲ್ಲೋ ಅಪಾರ್ಟ್‌ಮೆಂಟಿನಲ್ಲೋ ಯಾರನ್ನಾದರೂ ಇಳಿಸುವುದು ಕಂಡರೆ, ಮಾಸ್ಕ್ ಕೊಟ್ಟಿದ್ದಾರಾ ಎಂದು ಕೇಳಬೇಡಿ, ನಿಲ್ಲಿಸಿ, ಮೆಷಿನ್ ತರಿಸಿ ಎಂದು ಹೇಳಿ.

ನಮ್ಮ ಮನೆಗಳಲ್ಲೂ ಈ ಕ್ರಮ ನಡೆಯುತ್ತದೆ. ಜಯನಗರದ, ಬಿ.ಟಿ.ಎಂ.ನ ಬೀದಿಗಳಲ್ಲಿ ಬೆಳಗ್ಗೆ ಆರೂವರೆಗೆ ಕಸ ತೆಗೆಯುವ ಪೌರಕಾರ್ಮಿಕರ ಗ್ಲೌಸನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಬಟ್ಟೆಯ ಗ್ಲೌಸು ಒದ್ದೆಯಾದರೆ ಬರಿಗೈಗಿಂತ ಕಡೆ. ಒಡೆದ ಬಾಟಲಿ ಅದನ್ನು ಹರಿದುಕೊಂಡು ಹೋಗುತ್ತದೆ. 2015ರಲ್ಲಿ ಹೈಕೋರ್ಟ್ ಬೆಂಗಳೂರಿಗೆ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿತು. ಹಸಿ ಕಸ ಒಂದು, ಮನೆಯ ನ್ಯಾಪ್ಕಿನ್, ಬ್ಯಾಂಡೇಜಿನಂಥದ್ದು ಇನ್ನೊಂದು, ಒಣ ಕಸಕ್ಕೆ ಚೀಲ. ನ್ಯಾಪ್ಕಿನ್ನನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕುವುದು, ಒಡೆದ ಗಾಜನ್ನು ರಟ್ಟಿನಲ್ಲಿ ಕಟ್ಟಿ “ಗಾಜು” ಎಂದು ಬರೆದು ಬೇರೆಯಾಗಿ ಕೈಗೆ ಕೊಡುವುದು, ಇವು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಇನ್ನೊಬ್ಬರ ತಾಯಿಯ ಕೈಯನ್ನು ಗ್ಲೌಸಿಗಿಂತ ಮೊದಲೇ ಕಾಯುತ್ತದೆ. ಆ ತಾಯಿಯ ಮಗಳೋ ಮಗನೋ ನಿಮ್ಮ ಪಕ್ಕದಲ್ಲೇ ಕುಳಿತಿರಬಹುದು.

ತಮ್ಮ ತಂಗಿಯರೇ, ಮುಂದಿನ ತಿಂಗಳು ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಶಾಲೆಯಲ್ಲಿ ಭಿತ್ತಿಪತ್ರ ಸ್ಪರ್ಧೆ ಇಟ್ಟರೆ ಖಂಡಿತ ಬರೆಯಿರಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಅಪ್ಪನೋ ಅಮ್ಮನೋ ಕೆಲಸದಿಂದ ಬಂದಾಗ ಅವರ ಚೀಲದಲ್ಲಿರುವ ಕನ್ನಡಕ, ಗ್ಲೌಸು, ಹೆಲ್ಮೆಟ್ಟು ತೆಗೆದು ನೋಡಿ. ಕನ್ನಡಕವನ್ನು ನೀವೇ ಹಾಕಿಕೊಂಡು ಲೈಟಿನ ಕಡೆ ನೋಡಿ. ಗ್ಲೌಸಿನಲ್ಲಿ ಕೈ ಹಾಕಿ, ತೂತು ಇದೆಯೇ ನೋಡಿ. ಆಮೇಲೆ ಮೆಲ್ಲಗೆ ಕೇಳಿ, “ಅಪ್ಪ, ಇದು ಹಾಕ್ಕೊಂಡ್ರೆ ಏನು ಕಷ್ಟ?” ಎಂದು. ಅವರು ಹೇಳುವ ಉತ್ತರವನ್ನು ನೆಪ ಅಂದುಕೊಳ್ಳಬೇಡಿ. ಕಣ್ಣಿಗೆ ಏನಾದರೂ ಬಿದ್ದರೆ ಕರವಸ್ತ್ರ, ಬೆಂಕಿಕಡ್ಡಿ ಹಾಕಿ ತೆಗೆಯಲು ಬಿಡಬೇಡಿ, ಉಜ್ಜಲೂ ಬಿಡಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಚಾಮರಾಜಪೇಟೆಯಲ್ಲಿ ಸರ್ಕಾರದ್ದೇ ಆದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ನಾಳೆ ನೋಡೋಣ ಎನ್ನಬೇಡಿ. ನಮ್ಮ ಮನೆಯಲ್ಲಿ ನಾಲ್ಕು ದಿನ ನೋಡಿದೆವು.

ಕೊನೆಯದಾಗಿ, ನಮ್ಮ 2005ರ ತಂಡದ ಕಾಣಿಕೆಯ ವಿಷಯ. ಶಾಲೆಯ ಬಿಸಿಯೂಟದ ಅಮ್ಮಂದಿರಿಗೆ ಬಿಸಿ ತಡೆಯುವ ಒಳ್ಳೆಯ ಗ್ಲೌಸು ಕೊಡೋಣ ಎಂದು ನಾವು ವಾಟ್ಸಾಪ್‌ನಲ್ಲಿ ತೀರ್ಮಾನ ಮಾಡಿ, ದುಡ್ಡೂ ಸೇರಿಸಿಬಿಟ್ಟಿದ್ದೆವು. ಆಮೇಲೆ ನನಗೇ ನಾಚಿಕೆಯಾಯಿತು, ಅವರನ್ನು ಕೇಳಲೇ ಇಲ್ಲವಲ್ಲ ಎಂದು. ಕಳೆದ ವಾರ ಬಂದು ಕೇಳಿದೆವು. ಹಿರಿಯ ಅಮ್ಮ ಹೇಳಿದ್ದು ಇಷ್ಟು: “ಗ್ಲೌಸ್ ಕೊಟ್ರೆ ಬೇಡ ಅನ್ನಲ್ಲಪ್ಪ. ಆದ್ರೆ ಸಾಂಬಾರ್ ಪಾತ್ರೆ ನಾವಿಬ್ರೇ ಹಿಡ್ಕೊಂಡು ಆ ಎರಡು ಮೆಟ್ಲು ಇಳೀಬೇಕು. ಕಾಲು ಜಾರಿದ್ರೆ ಗ್ಲೌಸ್ ಏನ್ಮಾಡುತ್ತೆ?” ಆದ್ದರಿಂದ ಮೊದಲು ಪಾತ್ರೆ ಇಟ್ಟು ತಳ್ಳುವ ಒಂದು ಗಾಡಿ, ಮೆಟ್ಟಿಲಿನ ಜಾಗದಲ್ಲಿ ಒಂದು ಇಳಿಜಾರು, ಆಮೇಲೆ ಅವರೇ ಆರಿಸಿದ ಗ್ಲೌಸು, ಜಾರದ ಚಪ್ಪಲಿ. ಗಾಡಿಯ ಚೌಕಟ್ಟಿಗೆ ಅಳತೆ ಹಾಕಿ ಗೆರೆ ಎಳೆದುಕೊಟ್ಟವರು ನನ್ನ ಅಪ್ಪ. ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ವೆಲ್ಡಿಂಗ್ ಮಾಡಿದ ಹುಡುಗ ಇಡೀ ಹೊತ್ತು ಕನ್ನಡಕ ಹಾಕಿಕೊಂಡಿದ್ದ. ಅದರೊಳಗಿಂದ ಗೆರೆ ಕಾಣುತ್ತಿದೆಯಾ ಎಂದು ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.